ಮಹಬೂಬ್ ಸಾಬರ ಮಣ್ಣಿನ ನಾಯಿ

ತರೀಕೆರೆ ಬಸ್ ಸ್ಟ್ಯಾಂಡ್ ಹಿಂದಿನ ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುವವಳು ಯಾಸ್ಮಿನ್. ಒಂಬತ್ತು ವರ್ಷದಲ್ಲಿ ಮುರಿದ ಮೊಣಕೈಗಳನ್ನೂ ಮಕ್ಕಳು ನುಂಗಿದ ನಾಣ್ಯಗಳನ್ನೂ ಬೇಕಾದಷ್ಟು ನೋಡಿದ್ದಳು. ಆ ಶನಿವಾರ ಮಧ್ಯಾಹ್ನ ಮಾತ್ರ ಅವಳು ಮೇಜಿನ ಮೇಲೆ ಮಲಗಿಸಿದ್ದು ತನ್ನ ದಾದಾನ, ಅಂದರೆ ಅಪ್ಪನ ಅಪ್ಪನ, ಮಣ್ಣಿನ ಪ್ರಾಣಿಯನ್ನು.

ಗೇಣುದ್ದದ ಕೆಂಪು ಪ್ರಾಣಿ. ಗುಡಾಣದಂಥ ಹೊಟ್ಟೆ, ಮೋಟು ಕಾಲು, ನೆಟ್ಟಗೆ ನಿಂತ ಬಾಲ. ದಾದಾ ಮಹಬೂಬ್ ಸಾಬ್ ಪ್ರಾಯದಲ್ಲಿ ಎಮ್ಮೆದೊಡ್ಡಿ ಕಾವಲಿನಲ್ಲಿ ಅಮೃತಮಹಲ್ ದನ ಕಾಯುತ್ತಿದ್ದವರು. ಅರವತ್ತು ವರ್ಷದ ಹಿಂದೆ ಹೋರಿಗಳನ್ನು ನೋಡಲು ಬಂದಿದ್ದ ಒಬ್ಬ ವಿದೇಶಿಯವನ ಜೀಪು ಕೆಸರಲ್ಲಿ ಹೂತುಹೋಗಿತ್ತು. ದಾದಾ ಎರಡು ಎತ್ತು ಕಟ್ಟಿ ಎಳೆದು ಹಾಕಿದರು. ಅವನು ಖುಷಿಯಿಂದ ಚೀಲಕ್ಕೆ ಕೈಹಾಕಿ ಇದನ್ನು ತೆಗೆದುಕೊಟ್ಟು ಹೋದ. ಏನು ಪ್ರಾಣಿ ಅಂತ ಯಾರಿಗೂ ಗೊತ್ತಾಗಲಿಲ್ಲ. ದಾದಾ ಕರು ಎಂದರು. ಅವರ ಹೆಂಡತಿ, ದಾದಿ ಚಾಂದ್ ಬಿ, ಹಂದಿಮರಿ ಎಂದು ಹಟ ಹಿಡಿದು, ಅದನ್ನು ಹೊಸ್ತಿಲು ದಾಟಿಸದೆ ಹಿತ್ತಲ ಬಚ್ಚಲ ಗೂಡಿನಲ್ಲೇ ಇಡಿಸಿದ್ದರು. ಮೊನ್ನೆ ಸುಣ್ಣ ಬಳಿಯಲು ಗೂಡು ಖಾಲಿ ಮಾಡುವಾಗ ಪ್ರಾಣಿಯ ಹೊಟ್ಟೆಯೊಳಗೆ ಏನೋ ಗಳಗಳ ಉರುಳಿದ್ದು ಯಾಸ್ಮಿನ್ ಕಿವಿಗೆ ಬಿದ್ದಿತ್ತು.

"ಪೇಷಂಟ್ ಹೆಸರೇನಮ್ಮಾ?" ಡಾಕ್ಟರ್ ಶಿವಪ್ರಸಾದ್ ಬಾಗಿಲಲ್ಲಿ ನಿಂತು ನಕ್ಕರು. ಯಾಸ್ಮಿನ್ ಬಟನ್ ಒತ್ತಿದಳು. ಪರದೆಯ ಮೇಲೆ ಚಿತ್ರ ಮೂಡಿದ್ದೇ ತಡ, ಡಾಕ್ಟರ ನಗು ನಿಂತುಹೋಯ್ತು.

ಹೊಟ್ಟೆಯಲ್ಲಿ ಮೂರು ಮಣ್ಣಿನ ಗುಂಡು. ಬಾಲದ ತುದಿಯಿಂದ ಒಳಕ್ಕೆ ಸಣ್ಣದೊಂದು ಕೊಳವೆ, ಅದರ ಬುಡದಲ್ಲಿ ಓರೆಯಾಗಿ ಕೊರೆದ ಸೀಳು.

"ಸೀಟಿ ಕಣಮ್ಮಾ ಇದು!"

ಬಾಲದ ತೂತಿನಲ್ಲಿ ವರ್ಷಾನುಗಟ್ಟಲೆಯ ಬಚ್ಚಲ ಮಸಿ ಗಟ್ಟಿಯಾಗಿ ಕೂತಿತ್ತು. ಯಾಸ್ಮಿನ್ ಹತ್ತಿ ಸುತ್ತಿದ ಕಡ್ಡಿಯಿಂದ ಮೆಲ್ಲಗೆ ಬಿಡಿಸಿದಳು. ಉಸಿರೆಳೆದು ಊದಿದಳು. ಮೊದಲು ಬರೀ ಗಾಳಿ. ಇನ್ನೊಮ್ಮೆ ಊದಿದಾಗ ಕಾಡುಪಾರಿವಾಳ ಕೂಗಿದ ಹಾಗೆ, ಉದ್ದಕ್ಕೆ, ತುಂಬುದನಿಯಲ್ಲಿ ಕೂಗಿತು! ಹೊರಗೆ ಬೆಂಚಿನಲ್ಲಿ ಕೂತಿದ್ದ ರೋಗಿಗಳೆಲ್ಲ ಎದ್ದುಬಂದು ಇಣುಕಿದರು.

ಚಿತ್ರಗಳೂ ಸೀಟಿಯ ಸುದ್ದಿಯೂ ಅಂದೇ ಮೈಸೂರಿಗೆ ಹೋದವು. ಅವಳ ಜೊತೆ ಓದಿದ ಶ್ರೀವಿದ್ಯಾ ಅಲ್ಲಿ ಪುರಾತತ್ವದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಹತ್ತೇ ನಿಮಿಷಕ್ಕೆ ಫೋನ್ ಬಂತು.

"ಯಾಸ್ಮಿನ್, ಎಲ್ಲಿದೆ ಅದು?"

"ನನ್ನ ಕೈಯಲ್ಲೇ ಇದೆ ಕಣೇ."

"ಕೆಳಗಿಡು. ಮೆತ್ತಗೆ ದಿಂಬಿನ ಮೇಲಿಡು. ಇನ್ನು ಊದಬೇಡ, ದಮ್ಮಯ್ಯ!"

ಆಮೇಲಿನ ನಾಲ್ಕು ದಿನ ಯಾಸ್ಮಿನ್‌ಗೆ ಊಟ ಸೇರಲಿಲ್ಲ. ಐದನೇ ದಿನ ಸಂಜೆ ಶ್ರೀವಿದ್ಯಾ ಮನೆಗೇ ಬಂದುಬಿಟ್ಟಳು. ಅವಳು ಚಿತ್ರ ಕಳಿಸಿದ್ದ ಮೆಕ್ಸಿಕೊದ ಪ್ರೊಫೆಸರೊಬ್ಬರ ಉತ್ತರ ಅವಳ ಫೋನಿನಲ್ಲಿತ್ತು. ದಾದಾ, ದಾದಿಯ ಎದುರು ಚಾಪೆ ಮೇಲೆ ಕೂತು ಒಂದೊಂದಾಗಿ ಬಿಡಿಸಿ ಹೇಳಿದಳು.

"ಇದು ನಾಯಿ, ಸಾಬ್ರೇ. ಮೆಕ್ಸಿಕೊದ ಪಶ್ಚಿಮ ಕಡೇದು. ಚಿತ್ರ ನೋಡಿದ್ರೆ ಸಾವಿರದ ಎಂಟುನೂರು ವರ್ಷ ಹಳೇದಿರಬೇಕು ಅಂತಾರೆ. ಕೊಲಂಬಸ್ ಆ ಕಡೆ ಕಾಲಿಡೋಕೆ ಸಾವಿರ ವರ್ಷಕ್ಕೂ ಮುಂಚಿಂದು."

"ಯಾ ಅಲ್ಲಾ!" ದಾದಾ ಎದ್ದೇಬಿಟ್ಟರು. "ಸಾವಿರದ ಎಂಟುನೂರಾ! ನಾನು ಬಚ್ಚಲಲ್ಲಿ ಇಟ್ಟಿದ್ನಲ್ಲೇ!"

"ಯಾರ ಹತ್ರ ಇತ್ತಂತೆ ಮೊದ್ಲು?" ಚಾಂದ್ ಬಿ ಕೇಳಿದರು.

ಶ್ರೀವಿದ್ಯಾ ಫೋನ್ ಕೆಳಗಿಟ್ಟಳು. "ಇಂಥವನ್ನ ಸತ್ತೋರ ಜೊತೆ ಸಮಾಧಿಯಲ್ಲಿ ಇಡ್ತಿದ್ರು, ಅಜ್ಜಿ. ಸತ್ತೋರಿಗೆ ದಾರಿ ತೋರಿಸೋಕೆ ಇರಬಹುದು ಅಂತ ಕೆಲವರು ಹೇಳ್ತಾರೆ."

ದಾದಾ ಪ್ರಾಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನು ಸವರುತ್ತಾ ಕೂತರು. ಇದು ನಮ್ಮಲ್ಲೇ ಉಳಿಯಲಿ, ಊರೆಲ್ಲ ಬಂದು ನೋಡಲಿ ಎಂಬ ಆಸೆ ಯಾಸ್ಮಿನ್‌ಗಿತ್ತು.

"ಹಂಗಾದ್ರೆ ಯಾರದೋ ಗೋರಿ ಅಗೆದು ತಂದಿದ್ದು," ಎಂದರು ದಾದಾ ಕೊನೆಗೆ. "ಆ ಮನುಷ್ಯ ತನ್ನದಲ್ಲದ್ದನ್ನ ನನಗೆ ಕೊಟ್ಟ. ಅವನಿಗೂ ಗೊತ್ತಿತ್ತೋ ಇಲ್ವೋ. ನಮಗೀಗ ಗೊತ್ತಾಯ್ತಲ್ಲ, ಆ ದೇಶದೋರಿಗೇ ವಾಪಸ್ ಕೊಟ್ಟುಬಿಡಣ."

ದಾದಿ ಒಳಗೆ ಹೋಗಿ ಮದುವೆ ಮುಸುಕಿನ ಹಸಿರು ರೇಷ್ಮೆ ತಂದು ನಾಯಿಗೆ ಹೊದಿಸಿದರು.

ಮುಂದಿನ ತಿಂಗಳು ದಾದಾ, ಯಾಸ್ಮಿನ್ ಬೀರೂರಿನಲ್ಲಿ ದೆಹಲಿ ರೈಲು ಹತ್ತಿದರು. ಎರಡು ದಿನ ನಾಯಿಯಿದ್ದ ಡಬ್ಬಿಯನ್ನು ಸರದಿಯಂತೆ ಮಡಿಲಲ್ಲೇ ಇಟ್ಟುಕೊಂಡಿದ್ದರು. ಮೆಕ್ಸಿಕೊ ರಾಯಭಾರ ಕಚೇರಿಯ ಹೆಂಗಸು ರೇಷ್ಮೆ ಬಿಚ್ಚಿ, ಎರಡೂ ಕೈಲಿ ನಾಯಿಯನ್ನೆತ್ತಿ, ಕಣ್ಣು ತುಂಬಿಕೊಂಡಳು. ಬೇರೆ ಕೋಣೆಗಳಿಂದ ಜನ ಓಡಿಬಂದರು. ಯಾರೋ ಚಪ್ಪಾಳೆ ತಟ್ಟಿದರು. ದಾದಾ ನಾಚಿ ಟೋಪಿ ಸರಿಮಾಡಿಕೊಂಡರು.

ಹೊರಗೆ ಬಂದಮೇಲೆ ದಾದಾ ಬೇವಿನ ನೆರಳಲ್ಲಿ ನಿಂತರು.

"ಆ ಊರು ಎಲ್ಲೈತೆ, ಫೋನಲ್ಲಿ ತೋರ್ಸು."

ಯಾಸ್ಮಿನ್ ನಕ್ಷೆ ತೆಗೆದು ಬೆರಳಿಂದ ಜರುಗಿಸುತ್ತ ಹೋದಳು. ಸಮುದ್ರ ಮುಗಿಯುವಂತೆಯೇ ಕಾಣಲಿಲ್ಲ. ದಾದಾ ಬಗ್ಗಿ, ಕಣ್ಣು ಕಿರಿದು ಮಾಡಿ, ಬಿಡದೆ ನೋಡಿದರು.

"ಮ್ಯೂಸಿಯಮ್ಮಲ್ಲಿ ಇಟ್ಟಾಗ ಕರೀತೀವಿ ಅಂದ್ಲಲ್ಲ ಆ ಹೆಂಗಸು, ನಿಜವಾಗ್ಲೂ ಕರೀತಾರಾ?"

"ಕರೆದ್ರೆ ಏನ್ಮಾಡ್ತೀರಿ? ಎಂಬತ್ನಾಲ್ಕು ನಿಮಗೆ."

"ಏನ್ಮಾಡ್ತೀನಾ? ಲೇ, ಪಾಸ್‌ಪೋರ್ಟ್ ಮಾಡ್ಸೋಕೆ ಏನೇನು ಬೇಕು, ಮೊದ್ಲು ಅದನ್ನ ನೋಡು!"