ಎಡಗಡೆಯ ಗಾಲಿ ಹಿರಿಯನದು

ನಾನು ಹೆತ್ತದ್ದು ಎರಡು ಗಂಡು, ಒಂದು ಹೆಣ್ಣು. ಗಂಡುಗಳ ಹೆಸರು ಎತ್ತಿದರೆ ಈಗಲೂ ಬಾಯಿ ಕಹಿಯಾಗುತ್ತದೆ. ಹಿರಿಯವನು ಮಡಿವಾಳೆಪ್ಪ, ಕಿರಿಯವನು ಕಾಡಪ್ಪ. ನವಿಲುತೀರ್ಥದ ಅಣೆಕಟ್ಟು ಮುಗಿದ ಮರುವರ್ಷ ಇಬ್ಬರೂ ಬೇರೆಯಾದರು. ಮುರಗೋಡದ ನಮ್ಮ ಮನೆಯ ನಡುವೆ ಗೋಡೆ ಎದ್ದಿತು. ಹೊಲ ಹಂಚಿದರು, ಎತ್ತು ಹಂಚಿದರು, ಬಾವಿಯ ನೀರಿಗೆ ಪಾಳಿ ಹಚ್ಚಿದರು. ಇದ್ದ ಒಂದೇ ಒನಕೆಯನ್ನು ಗರಗಸದಿಂದ ಕೊಯ್ಯಲು ಹೊರಟಾಗ ಪಂಚರಲ್ಲಿ ಒಬ್ಬರು ನಕ್ಕರು, ಆ ನಾಚಿಕೆಗೆ ಅದೊಂದನ್ನು ಬಿಟ್ಟರು.

ಕೊನೆಗೆ ಉಳಿದದ್ದು ಜೀಪು. ನಮ್ಮ ಯಜಮಾನರು ಇದ್ದಾಗ ಮಿಲಿಟರಿ ಹರಾಜಿನಲ್ಲಿ ತಂದದ್ದು. ಹಿಂದೆ ಎದುರುಬದುರು ಹಲಗೆ ಬಡಿಸಿದ ದೊಡ್ಡ ಗಾಡಿ, ಮನೆಮಂದಿಯೆಲ್ಲ ಹತ್ತಿದರೂ ಇನ್ನೂ ಜಾಗ ಉಳಿಯುತ್ತಿತ್ತು. ಅದನ್ನು ಕೊಯ್ಯಲಾಗುವುದಿಲ್ಲ, ಮಾರಲು ಇಬ್ಬರಿಗೂ ಮನಸ್ಸಿಲ್ಲ. ಪಂಚರು ತಲೆ ಕೆರೆದುಕೊಂಡು ಒಂದು ತೀರ್ಮಾನ ಕೊಟ್ಟರು. ಒಂದು ವಾರ ಅವನು ಓಡಿಸಬೇಕು, ಒಂದು ವಾರ ಇವನು. ಎಡಗಡೆಯ ಎರಡು ಗಾಲಿ ಹಿರಿಯನವು, ಬಲಗಡೆಯ ಎರಡು ಕಿರಿಯನವು. ಅವರವರ ಗಾಲಿ ಅವರವರೇ ನೋಡಿಕೊಳ್ಳಬೇಕು. ನೊಗಕ್ಕೆ ಕಟ್ಟಿದ ಜೋಡಿ ಎತ್ತನ್ನು ಹಂಚಿದ ಹಾಗೆ ಹಂಚಿಬಿಟ್ಟರು. ಅಂಥ ಪಂಚರಿಗೊಂದು ದೊಡ್ಡ ಶರಣು.

ನನ್ನ ಮಗಳು ಕೆಂಚವ್ವನನ್ನು ರಾಮದುರ್ಗಕ್ಕೆ ಕೊಟ್ಟಿದ್ದೆವು. ಎರಡು ಸಲ ಅವಳ ಬಸಿರು ನಿಲ್ಲಲಿಲ್ಲ. ಎರಡು ಸಲವೂ ನೀರು ಹೊತ್ತು, ದನದ ಕೆಲಸ ಮಾಡಿ ಕಳೆದುಕೊಂಡಳು. ಮೂರನೆಯದು ಏಳು ತಿಂಗಳಿಗೆ ಬಂದಿತ್ತು. ಈ ಸಲ ಬಸುರಿಗೆ ಹಸಿರು ಸೀರೆ ಉಡಿಸುವ ಕುಬಸ ಮಾಡಿ, ಕರೆದುಕೊಂಡು ಬಂದು, ಹಡೆಯುವ ತನಕ ನೆಲಕ್ಕೆ ಬಗ್ಗದ ಹಾಗೆ ನೋಡಿಕೊಳ್ಳಬೇಕು ಎಂಬುದೊಂದೇ ನನ್ನ ಜಪ. ಆದರೆ ಬೀಗಿತಿ ಚನ್ನವ್ವನಿಗೆ ನಮ್ಮ ಮೇಲೆ ಸಿಟ್ಟಿತ್ತು. ಹಿಂದಿನ ಪಂಚಮಿಗೆ ತಂಗಿಯನ್ನು ಕರೆಯಲು ಯಾರು ಹೋಗಬೇಕೆಂದು ಇವರಿಬ್ಬರೂ ಜಗಳಾಡಿ, ಕೊನೆಗೆ ಯಾರೂ ಹೋಗಿರಲಿಲ್ಲ. ಅದಕ್ಕೇ ಅವಳು ಹೇಳಿ ಕಳಿಸಿದ್ದಳು: "ಅಣ್ಣಗೋಳು ಇಬ್ಬರೂ ಕೂಡಿ ಮಧ್ಯಾಹ್ನದೊಳಗ ಗಾಡಿ ತಂದು ಬಾಗಲಿಗೆ ನಿಲ್ಲಸಿದ್ರ ಕಳಸ್ತೇವಿ. ಇಲ್ಲಂದ್ರ ಇಲ್ಲೇ ಹಡೀಲಿ."

ಜೀಪಿನ ಟೈರುಗಳು ಬೋಳಾಗಿ ಒಳಗಿನ ದಾರ ಕಾಣುತ್ತಿತ್ತು. ಹೊಸವು ಬೇಕೇ ಬೇಕಾಗಿದ್ದವು. ಕುಬಸಕ್ಕೆ ಹಸಿರು ಸೀರೆ, ಖಣ ತರುವುದಿತ್ತು ಎಂದು ನಾನೂ ಅವರ ಜೊತೆ ಬೈಲಹೊಂಗಲಕ್ಕೆ ಹೋದೆ. ಹೋಗಬಾರದಿತ್ತು.

ಟೈರಿನ ಅಂಗಡಿಯ ಬಸಯ್ಯ ಒಂದೊಂದೇ ಉರುಳಿಸಿ ತಂದು ತೋರಿಸಿದ. ಮಡಿವಾಳೆಪ್ಪನ ಕಣ್ಣು ಗಡ್ಡೆ ಗಡ್ಡೆ ಎದ್ದ, ಹೊಲಕ್ಕೆ ಇಳಿಯುವ ಟೈರಿನ ಮೇಲೆ ಬಿತ್ತು. ಎತ್ತಿನ ಹಿಣಿಲು ತಟ್ಟುವವನ ಹಾಗೆ ಅದನ್ನು ತಟ್ಟಿ ಎರಡು ಎತ್ತಿಟ್ಟ. ಕಾಡಪ್ಪ ಸಣ್ಣ ಗೆರೆಗಳ, ಡಾಂಬರು ರಸ್ತೆಯ ನುಣುಪು ಟೈರು ಆರಿಸಿದ. ಜೊತೆಗೆ ಗಾಲಿಯ ನಡುವೆ ಕೂರಿಸುವ ಹೊಳೆಯುವ ಮುಚ್ಚಳ ಎರಡು ಕೊಂಡ. ಎರಡೇ. ಗಾಡಿ ಬಲಗಡೆಯಿಂದ ನೋಡಿದವರಿಗೆ ಮದುಮಗ, ಎಡಗಡೆಯಿಂದ ನೋಡಿದವರಿಗೆ ಒಕ್ಕಲಿಗ.

ಬಸಯ್ಯ ಕೈ ಮುಗಿದ. "ಸಾವಕಾರ್ರ, ನಾಕೂ ಒಂದ ಥರಾ ಇರಬೇಕರಿ. ಆಗೂದಿಲ್ಲಂದ್ರ ಗಡ್ಡಿವು ಎರಡೂ ಹಿಂದ ಹಾಕ್ರಿ, ಗೆರಿವು ಎರಡೂ ಮುಂದ ಹಾಕ್ರಿ. ಎಡಕ್ಕೊಂದು ಬಲಕ್ಕೊಂದು ಮಾಡಬ್ಯಾಡ್ರಿ."

"ತಮ್ಮನ ಗಾಲಿ ಮುಂದ, ನನ್ನವು ಹಿಂದ?" ಎಂದ ಮಡಿವಾಳೆಪ್ಪ. "ನಾ ಊರಾಗ ತಲಿ ಎತ್ತಿ ತಿರಗಬೇಕೋ ಬ್ಯಾಡೋ?"

"ಹಂಗಾದ್ರ ಗೆರಿವು ಹಿಂದ ಹಾಕೂಣ್ರಿ."

"ಗಾಡಿ ದೂಡೂವು ಹಿಂದಿನ ಗಾಲಿ," ಎಂದ ಕಾಡಪ್ಪ. "ದುಡದು ಸವಿಯೂವು ನನ್ನವ ಆಗಬೇಕೇನು? ಬ್ಯಾಡ."

ನನಗೆ ತಡೆಯಲಿಲ್ಲ. "ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂದಂಗ ಆಕ್ಕೈತಿ. ನಿಮ್ಮ ತಂಗಿ ಕುಂದ್ರೂ ಗಾಡಿ ಅದು. ನಾಕೂ ಒಂದ ಥರಾ ತಗೋರ್ಯೋ."

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಬೇರೆಯಾದ ಮೇಲೆ ಅವರು ಒಟ್ಟಿಗೆ ಮಾಡಿದ ಕೆಲಸ ಅದೊಂದೇ ಇರಬೇಕು. "ಎತ್ತು ಯಾರು, ಕೋಣ ಯಾರು, ಅದನ್ನ ಹೇಳಬೇ ಮೊದಲ," ಎಂದ ಕಾಡಪ್ಪ. ಅಂಗಡಿಯಲ್ಲಿದ್ದವರು ನಕ್ಕರು. ನಾನು ಸೆರಗು ಎಳೆದುಕೊಂಡು ಸೀರೆಯಂಗಡಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಎಡಕ್ಕೆ ಗಡ್ಡೆ, ಬಲಕ್ಕೆ ಗೆರೆ ಕೂತಾಗಿತ್ತು.

ಕುಬಸದ ಹಿಂದಿನ ದಿನ ಸಂಜೆ ದೊಡ್ಡ ಮಳೆ ಹೊಡೆಯಿತು. ಬೆಳಿಗ್ಗೆ ಸಜ್ಜಿ ರೊಟ್ಟಿ, ಹೋಳಿಗೆ, ಕರ್ಚಿಕಾಯಿ ತುಂಬಿದ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಹಲಗೆಯ ಮೇಲೆ ಕುಳಿತೆ. ಆ ವಾರ ಹಿರಿಯನದು, ಅವನೇ ಓಡಿಸಿದ. ಕಾಡಪ್ಪ ಪಕ್ಕದಲ್ಲಿ ಕುಳಿತು ಹೊರಗೆ ಬಾಗಿ ತನ್ನ ಮುಚ್ಚಳ ನೋಡುತ್ತಿದ್ದ. ಯರಗಟ್ಟಿ ತನಕ ಏನೂ ಆಗಲಿಲ್ಲ. ಕಟಕೋಳ ದಾಟಿದ ಮೇಲೆ ಒಂದು ಹಳ್ಳದ ಸೇತುವೆ ರಿಪೇರಿಯಲ್ಲಿತ್ತು, ಗಾಡಿಗಳನ್ನು ಪಕ್ಕದ ಎರೆಹೊಲಕ್ಕೆ ಇಳಿಸಿದ್ದರು. ಅಲ್ಲಿ ನಮ್ಮ ಜೀಪು ಕೂತಿತು.

ಮಡಿವಾಳೆಪ್ಪ ಎಷ್ಟು ಒತ್ತಿದರೂ ಬಲಗಡೆಯ ಹಿಂದಿನ ಗಾಲಿ ಗಿರಗಿರ ತಿರುಗಿ ಕೆಸರು ಉಗಿಯಿತು. ಎಡಗಡೆಯದು ಮಿಸುಕಲಿಲ್ಲ. ಇಳಿದು ನೋಡಿದ ಹಿರಿಯನಿಗೆ ಖುಷಿಯಾಯಿತು. ಹೌದು, ಖುಷಿ.

"ನೋಡಬೇ, ನನ್ನ ಗಾಲಿ ಹೆಂಗ ಗಟ್ಟಿ ನಿಂತೈತಿ. ಜಾರೂದು ಅವಂದು."

"ನಿಂತೈತಿ ಅಂದ್ರ ಮೈಗಳ್ಳ ಐತಿ," ಎಂದ ಕಾಡಪ್ಪ. "ದುಡ್ಯಾಕ ಹತ್ತಿದ್ದು ನನ್ನದೊಂದ. ಮನ್ಯಾಗೂ ಹಿಂಗ ಇತ್ತು."

ನಾನು ಹೇಳಿದೆ, "ಕಲ್ಲು ತಂದು ಗಾಲಿ ಬುಡಕ ಕೊಡ್ರಿ. ಹೊತ್ತು ಏರಾಕ ಹತ್ತೈತಿ."

"ಅವನ ಗಾಲಿ, ಅಂವ ಕೊಡಲಿ."

"ವಾರ ನಿಂದು. ನೀ ಸಿಗಸಿದಿ, ನೀ ತಗಿ."

ಒಬ್ಬ ಎಡಕ್ಕೆ ಬದುವಿನ ಮೇಲೆ ಕುಳಿತ, ಇನ್ನೊಬ್ಬ ಬಲಕ್ಕೆ. ನಾನೇ ಸೆರಗು ಸಿಕ್ಕಿಸಿಕೊಂಡು ಸೇತುವೆಯ ಹತ್ತಿರದಿಂದ ಕಲ್ಲು ಹೊತ್ತೆ. ಹೊಟ್ಟೆಯಲ್ಲಿ ಹುಟ್ಟಿದ ಎರಡು ಗಂಡಸರು ಬೀಡಿ ಹಚ್ಚಿ ಅವ್ವ ಕಲ್ಲು ಹೊರುವುದನ್ನು ನೋಡಿದರು. ಹಂದಿಗೂ ಹೇಸಿಗೆ ಇರುತ್ತದೆ. ಕೈಲಿದ್ದ ಕಲ್ಲನ್ನು ಅಲ್ಲೇ ಚೆಲ್ಲಿ, ಬುತ್ತಿ, ಸೀರೆಯ ಗಂಟು ಎತ್ತಿಕೊಂಡು ರಸ್ತೆಗೆ ಬಂದೆ. ರಾಮದುರ್ಗದ ಕಡೆ ಹೊರಟಿದ್ದ ಒಂದು ಬಂಡಿಯವನು ಹತ್ತಿಸಿಕೊಂಡ. ಮಕ್ಕಳಿಬ್ಬರೂ ನಾನು ಹೋದದ್ದನ್ನು ನೋಡಲಿಲ್ಲ, ಗಾಲಿ ನೋಡುತ್ತಿದ್ದರು.

ಬೀಗರ ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಮುತ್ತೈದೆಯರು ಕಾದು ಕಾದು ಎದ್ದು ಹೋಗಿದ್ದರು. ಕೆಂಚವ್ವ ಹೊಸ್ತಿಲ ಒಳಗೆ ಟ್ರಂಕು ಕಟ್ಟಿಟ್ಟುಕೊಂಡು ಕುಳಿತಿದ್ದಳು. ನನ್ನ ಮೊಣಕಾಲಿನ ತನಕ ಕೆಸರು ನೋಡಿ ಅವಳ ಮುಖ ಇಳಿಯಿತು, ನೀರು ತರಲು ಎದ್ದಳು.

"ಕಳಸೂದು ಬ್ಯಾಡನ್ನೂದಿಲ್ರಿ," ಎಂದಳು ಚನ್ನವ್ವ. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ಯಾರ ಮನಿಗಿ ಕಳಸೂದು, ಅದನ್ನ ಹೇಳ್ರಿ."

ನನ್ನನ್ನೂ ಹಂಚಿದ್ದರು. ಒಂದು ತಿಂಗಳು ಗೋಡೆಯ ಆಚೆ ಉಣ್ಣುತ್ತಿದ್ದೆ, ಒಂದು ತಿಂಗಳು ಈಚೆ. ಬಸುರಿ ಮಗಳನ್ನು ಯಾವ ಕಡೆ ಮಲಗಿಸಲಿ? ಅವಳ ಬಾಣಂತನ ಯಾರ ಪಾಲಿಗೆ ಹಚ್ಚಲಿ? ಸೀರೆ ಕೊಳ್ಳುವಾಗ, ಹೋಳಿಗೆ ಬೇಯಿಸುವಾಗ ಈ ಮಾತು ನನಗೆ ಹೊಳೆದೇ ಇರಲಿಲ್ಲ.

"ನಾನ ಇಲ್ಲೇ ಇರತೇನ್ರಿ," ಎಂದೆ. ಹೆಣ್ಣು ಕೊಟ್ಟ ಮನೆಯಲ್ಲಿ ಅವ್ವ ಬಂದು ಠಿಕಾಣಿ ಹಾಕಿದರೆ ಊರು ಏನು ಅನ್ನುತ್ತದೆಂದು ನನಗೆ ಗೊತ್ತಿತ್ತು. "ನೀರ ನಾ ಹೊರತೇನಿ, ದನದ ಕೆಲಸಾ ನಾ ಮಾಡತೇನಿ. ಆಕೀನ್ನ ಕುಂದ್ರಾಕ ಬಿಡ್ರಿ."

ಚನ್ನವ್ವ ಕೆಂಚವ್ವನ ಕೈಯಿಂದ ತಂಬಿಗೆ ತಾನೇ ಇಸಿದುಕೊಂಡು ನನ್ನ ಕಾಲಿಗೆ ನೀರು ಹಾಕಿದಳು. "ಒಳಗ ಬರ್ರಿ," ಎಂದಳು.

ಸಂಜೆಯ ಮುಂದೆ ಜೀಪು ಬಂತು. ಯಾರದೋ ಎತ್ತುಗಳು ಎಳೆದು ಮೇಲೆ ಹತ್ತಿಸಿದ್ದವಂತೆ. ಇಬ್ಬರೂ ಅಂಗಳದಲ್ಲಿ ನಿಂತು, ಬೀಗರೆದುರಿಗೇ, ತಪ್ಪು ಯಾರ ಗಾಲಿಯದು ಎಂದು ನನ್ನಿಂದ ನ್ಯಾಯ ಕೇಳಿದರು. ಹಸಿರು ಸೀರೆ ಉಟ್ಟು ಬಾಗಿಲಲ್ಲಿ ನಿಂತ ತಂಗಿಯನ್ನು "ಹೆಂಗದಿ" ಎಂದು ಒಬ್ಬನೂ ಕೇಳಲಿಲ್ಲ.

"ಕೆಂಚವ್ವ ಬರೂದಿಲ್ಲ," ಎಂದೆ. "ಆಕಿ ಹಡಿಯೂತನಕಾ ನಾನೂ ಬರೂದಿಲ್ಲ."

ಕಾಡಪ್ಪ ಅಣ್ಣನ ಮುಖ ನೋಡಿದ. "ಅವ್ವ ಇಲ್ಲೇ ಉಳದ್ರ, ಈ ತಿಂಗಳು ಯಾರ ಪಾಳಿ ಅಂತ ಹಿಡೀಬೇಕು?" ಎಂದು ಕೇಳಿದ. ಮಡಿವಾಳೆಪ್ಪ ನಿಜವಾಗಿಯೂ ಯೋಚನೆ ಮಾಡತೊಡಗಿದ.

ಇಬ್ಬರ ಮುಖಕ್ಕೂ ಉಗುಳಬೇಕೆನ್ನಿಸಿತು. ಅಂಗಳ ಬೀಗರದು, ಬೆಳಿಗ್ಗೆ ಎದ್ದು ಅದನ್ನು ಸಾರಿಸುವವಳು ನಾನು. ಸುಮ್ಮನೆ ಕೊಡ ತೆಗೆದುಕೊಂಡು ನೀರಿಗೆ ಹೋದೆ.