ಹಾರುವವನಿಗೆ ನಡೆಯಲು ಕಲಿಸಿದ್ದು

ಲಕ್ಷ್ಮಣನಿಗೆ ಮೂವತ್ತಾರು ದಾಟಿತ್ತು. ಕಬಡ್ಡಿ ಆಡುವವರಲ್ಲಿ ಅದು ಮುದಿ ವಯಸ್ಸು. ಅವನ ಜೊತೆ ಅಂಕಣಕ್ಕಿಳಿದವರಲ್ಲಿ ಒಬ್ಬ ಈಗ ಕಾಗವಾಡದಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದ. ಇನ್ನೊಬ್ಬನಿಗೆ ಎಡಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಲಕ್ಷ್ಮಣ ಮಾತ್ರ ಇನ್ನೂ ಆಡುತ್ತಿದ್ದ. ಕೊಕಟನೂರಿನ ಅವನಿಗೆ ಚಿಕ್ಕೋಡಿಯ ಸರ್ಕಾರಿ ಕಚೇರಿಯೊಂದರಲ್ಲಿ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತ್ತು. ಹದಿಮೂರು ವರ್ಷದಿಂದ ಇಲಾಖೆಯ ತಂಡಕ್ಕೆ ಅವನೇ ರೇಡರ್.

ಎದುರು ತಂಡದ ಅಂಕಣಕ್ಕೆ ಉಸಿರು ಕಟ್ಟಿ ಹೋಗಬೇಕು, ಯಾರನ್ನಾದರೂ ಮುಟ್ಟಬೇಕು, ಸಿಗದೆ ವಾಪಸ್ ಬರಬೇಕು. ರೇಡರನ ಕೆಲಸ ಇಷ್ಟೇ. ಲಕ್ಷ್ಮಣ ಅದನ್ನು ಇಷ್ಟೇ ಎನ್ನುವ ಹಾಗೆಯೇ ಮಾಡುತ್ತಿದ್ದ. ಬೆರಳ ತುದಿಯಿಂದ ಒಬ್ಬನ ಕೈ ತಾಗಿಸುವನು, ಇಲ್ಲವೇ ಕಾಲ್ಬೆರಳು ಬೋನಸ್ ಗೆರೆ ದಾಟಿಸುವನು. ಮರುಕ್ಷಣ ನಡುಗೆರೆಯ ಈಚೆ ಇರುವನು. ಒಂದು ಪಾಯಿಂಟ್, ಒಮ್ಮೊಮ್ಮೆ ಅದೂ ಇಲ್ಲ. ಜನ ಅವನಿಗೆ ‘ಪೋಸ್ಟ್‌ಮ್ಯಾನ್’ ಎಂದು ಹೆಸರಿಟ್ಟಿದ್ದರು. ಬರುತ್ತಾನೆ, ಕೊಡುತ್ತಾನೆ, ಹೋಗುತ್ತಾನೆ. ಅವನು ಆಡುವಾಗ ಯಾರೂ ಸೀಟಿ ಹೊಡೆಯುತ್ತಿರಲಿಲ್ಲ.

ಸೀಟಿ ಹೊಡೆಸಿಕೊಂಡವನು ಚಿಂಚಲಿಯ ದುಂಡೇಶ. ಕುರಿ ಕಾಯುವವರ ಮನೆಯವನು, ಇಪ್ಪತ್ತೈದರ ಹುಡುಗ. ಮುಂದೆ ಬಂದವನ ತಲೆಯ ಮೇಲಿಂದಲೇ ಹಾರಿ ನಡುಗೆರೆ ಮುಟ್ಟುತ್ತಿದ್ದ. ಇಚಲಕರಂಜಿಯಿಂದ ಅಥಣಿಯವರೆಗೆ ಅವನ ಜಿಗಿತದ ವಿಡಿಯೊ ಇಲ್ಲದ ಫೋನ್ ಇರಲಿಲ್ಲ. ಟಿವಿಯಲ್ಲಿ ಬರುವ ದೊಡ್ಡ ಲೀಗಿನ ಹೊರರಾಜ್ಯದ ತಂಡವೊಂದು ಅವನನ್ನು ಕರೆದೊಯ್ದಿತು. ಮೊದಲನೆಯ ವರ್ಷ ಅವನದೇ ಹೆಸರು. ಎರಡನೆಯ ವರ್ಷ ಆರನೇ ಪಂದ್ಯಕ್ಕೆ ಮೊಣಕಾಲಿನ ನರ ಹರಿದುಕೊಂಡು ಸ್ಟ್ರೆಚರಿನಲ್ಲಿ ಹೊರಗೆ ಬಂದ. ಮಿರಜಿನಲ್ಲಿ ಆಪರೇಷನ್ ಆಯಿತು. ಮೂರನೆಯ ವರ್ಷಕ್ಕೆ ತಂಡದಿಂದ ಫೋನ್ ಬರಲಿಲ್ಲ.

ಹತ್ತು ತಿಂಗಳ ಮೇಲೆ, ಫೆಬ್ರವರಿಯ ಒಂದು ಮಧ್ಯಾಹ್ನ, ಅವನು ಚಿಕ್ಕೋಡಿಯ ಮೈದಾನಕ್ಕೆ ಬಂದ. ಲಕ್ಷ್ಮಣ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

“ದಾದಾ, ನನಗ ನಿನ್ನಂಗ ಆಡೂದು ಕಲಿಸು.”

ಲಕ್ಷ್ಮಣ ನಕ್ಕುಬಿಟ್ಟ. “ನನ್ನಂಗ ಆಡಾಕ ಯಾರರ ಕಲೀತಾರೇನೋ?”

“ನಗಬ್ಯಾಡ ದಾದಾ. ನಿನಗ ಮೂವತ್ತಾರು, ಇನ್ನ ಆಡಾಕತ್ತಿ. ನನಗ ಇಪ್ಪತ್ತೈದು, ಮೆಟ್ಟಲಾ ಇಳಿಬೇಕಂದ್ರ ಗ್ವಾಡಿ ಹಿಡೀತೀನಿ.”

ಅವನ ಮುಖ ನೋಡಿ ಲಕ್ಷ್ಮಣನ ನಗೆ ನಿಂತಿತು. ಪಕ್ಕದಲ್ಲಿ ಕೂರಿಸಿಕೊಂಡು, ಅವನದೇ ಫೋನಿನಲ್ಲಿ ಅವನ ಹಳೆಯ ಪಂದ್ಯಗಳನ್ನು ಹಾಕಿಸಿದ. ದುಂಡೇಶ ಪಾಯಿಂಟ್ ಬಂದ ರೇಡುಗಳನ್ನು ತೋರಿಸುತ್ತ ಹೋದ. ಲಕ್ಷ್ಮಣ ಅವನು ನೆಲಕ್ಕೆ ಬಿದ್ದ ಮೇಲಿನ ಗಳಿಗೆಗಳನ್ನಷ್ಟೇ ನೋಡಿದ.

“ಇಲ್ಲಿ ನಿನಗ ಎರಡು ಪಾಯಿಂಟ್ ಬಂತು ಹೌದಿಲ್ಲ? ಈಗ ನೋಡು, ನಿನ್ನ ಮ್ಯಾಲೆ ಎಷ್ಟು ಮಂದಿ ಬಿದ್ದಾರ.”

“ಮೂವರು.”

“ಪಾಯಿಂಟ್ ಬೋರ್ಡಿನ ಮ್ಯಾಲೆ ಬರೀತಾರ. ಪೆಟ್ಟು ಯಾರೂ ಬರಿಯಂಗಿಲ್ಲ. ಗೆದ್ದಾಗೂ ಪೆಟ್ಟು ಬಿದ್ದೈತಿ, ಸೋತಾಗೂ ಬಿದ್ದೈತಿ. ಮಣಕಾಲಿಗೇನು ಗೊತ್ತು ನೀ ಗೆದ್ದಿ ಅಂತ?”

ದುಂಡೇಶ ಮುಂದಿನ ವಿಡಿಯೊ ಹಾಕಿದ. ಎರಡನೆಯ ವರ್ಷದ ಪಂದ್ಯಗಳಲ್ಲಿ ಎದುರಾಳಿಗಳು ಅವನ ಕಣ್ಣು ನೋಡುವುದನ್ನೇ ಬಿಟ್ಟಿದ್ದರು. ಸೊಂಟ ನೋಡುತ್ತಿದ್ದರು. ಸೊಂಟ ಕುಗ್ಗಿದರೆ ಹಾರುತ್ತಾನೆ ಎಂದು ತಿಳಿದು, ಅವನು ಇಳಿಯುವ ಜಾಗದಲ್ಲಿ ಮೊದಲೇ ಹೋಗಿ ನಿಲ್ಲುತ್ತಿದ್ದರು.

“ನೆಲದ ಮ್ಯಾಲೆ ಕಾಲಿದ್ರ ಎಡಕ್ಕ ಹೊಳ್ಳಬಹುದು, ಬಲಕ್ಕ ಹೊಳ್ಳಬಹುದು,” ಎಂದ ಲಕ್ಷ್ಮಣ. “ಗಾಳ್ಯಾಗ ಇದ್ದಾಗ ಏನ ಮಾಡ್ತಿ? ಬಂದದ್ದು ಮೈಮ್ಯಾಲೆ ತಗೋಬೇಕು. ನಿಮ್ಮ ಕೋಚ್ ಬ್ಯಾಡ ಅನಲಿಲ್ಲೇನು?”

“ಯಾಕ ಅಂತಾನ ದಾದಾ? ನನ್ನ ತಗೊಂಡಿದ್ದ ಅದಕ್ಕ.”

ಮರುದಿನದಿಂದ ಅಭ್ಯಾಸ ಶುರುವಾಯಿತು. ಕಚೇರಿ ಬಿಟ್ಟ ಮೇಲೆ ದಿನಾ ಒಂದೂವರೆ ತಾಸು. ಮುಟ್ಟಿದ ಕೂಡಲೇ ತಿರುಗು. ಎರಡನೆಯವನ ಆಸೆ ಮಾಡಬೇಡ. ಬದಿಯಿಂದ ಹಿಡಿಯಲು ನಿಂತ ಕವರಿನವನು ತಲೆ ಬಗ್ಗಿಸಿದರೆ ನಿನಗೆ ಅಲ್ಲಿ ಕೆಲಸವಿಲ್ಲ, ಬಂದುಬಿಡು. ಮೊದಮೊದಲು ದುಂಡೇಶನ ಮೈ ಕೇಳಲಿಲ್ಲ. ಯಾರಾದರೂ ಅಡ್ಡ ಬಂದರೆ ಅವನ ಸೊಂಟ ತಾನಾಗಿಯೇ ಕುಗ್ಗುತ್ತಿತ್ತು. ಲಕ್ಷ್ಮಣ “ಹೂಂ!” ಎಂದು ಗದರುವನು. ದುಂಡೇಶ ಹಗ್ಗ ಜಗ್ಗಿಸಿಕೊಂಡ ಹೋರಿಯ ಹಾಗೆ ನಿಂತುಬಿಡುವನು.

ಒಂದು ಭಾನುವಾರ ಅವನ ತಾಯಿ ತಾರವ್ವ ಲಕ್ಷ್ಮಣನನ್ನು ಚಿಂಚಲಿಗೆ ಊಟಕ್ಕೆ ಕರೆಸಿದಳು. ಕಡಕ್ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಕೆನೆ ಮೊಸರು ಬಡಿಸಿ ಎದುರಿಗೆ ಕುಳಿತಳು.

“ತಮ್ಮಾ, ಇಷ್ಟ ವರ್ಷದಾಗ ನಿನಗ ಎಷ್ಟ ಸಲ ದವಾಖಾನಿಗೆ ಒಯ್ದಾರ?”

“ಎರಡ ಸಲ ಅವ್ವಾರ. ಒಮ್ಮಿ ಬೆರಳು, ಒಮ್ಮಿ ಹಲ್ಲು.”

ತಾರವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. “ಹಂಗಾರ ಇವನ್ನ ನಿನ್ನಂಗ ಮಾಡು. ಮಂದಿ ಹೊಗಳಿದ್ದು ಸಾಕಾಗೈತಿ ನಮಗ.”

ಜೂನಿನ ಹೊತ್ತಿಗೆ ದುಂಡೇಶ ಲಕ್ಷ್ಮಣನಂತೆ ಆಡತೊಡಗಿದ್ದ. ಇಲಾಖೆಯ ತಂಡದಲ್ಲಿ ಅವನಿಗೆ ಜಾಗ ಸಿಕ್ಕಿತು, ಹಿಂದೆಯೇ ನೌಕರಿಯ ಆದೇಶವೂ ಬಂತು. ಆಗಸ್ಟಿನಲ್ಲಿ ರಾಯಬಾಗದಲ್ಲಿ ನಡೆದ ಪಂದ್ಯಕ್ಕೆ ಅವನ ಹೆಸರು ಕೇಳಿಯೇ ಜನ ಬಂದಿದ್ದರು. ದುಂಡೇಶ ಹೋದ, ಮುಟ್ಟಿದ, ಬಂದ. ಹೋದ, ಬೋನಸ್ ತೆಗೆದುಕೊಂಡ, ಬಂದ. “ಹಾರಲೇ ದುಂಡ್ಯಾ!” ಎಂದು ಕೂಗುತ್ತಿದ್ದವರು ಅರ್ಧ ಆಟಕ್ಕೆ ಸುಮ್ಮನಾದರು. ಮುಕ್ಕಾಲು ಆಟಕ್ಕೆ ಒಬ್ಬೊಬ್ಬರೇ ಎದ್ದು ಹೋದರು. ಪಂದ್ಯ ಗೆದ್ದರು. ದುಂಡೇಶನ ಮೈಮೇಲೆ ಒಂದು ತರಚಿದ ಗಾಯವೂ ಇರಲಿಲ್ಲ.

ಲಕ್ಷ್ಮಣನಿಗೆ ಹಿಗ್ಗಾಗಬೇಕಿತ್ತು. ಆದರೆ ಅಂಕಣದ ಹೊರಗೆ ಕುಳಿತು ನೋಡುವಾಗ ಅವನಿಗೆ ಹೇಗೋ ಆಯಿತು. ಆ ಉದ್ದನೆಯ ಕಾಲುಗಳು ತನ್ನ ಗಿಡ್ಡ ಹೆಜ್ಜೆಗಳನ್ನು ಹಾಕುತ್ತಿದ್ದವು. ಮುಟ್ಟಿದೊಡನೆ ಹೆಗಲು ಬಾಗಿಸಿ ಹಿಂದೆ ಸರಿಯುವ ಪರಿಯೂ ತನ್ನದೇ. ಜೀವಮಾನವೆಲ್ಲ ತಾನು ಅದನ್ನು ಜಾಣತನ ಎಂದುಕೊಂಡಿದ್ದ. ಬೇರೊಬ್ಬನ ಮೈಯಲ್ಲಿ ಕಂಡಾಗ ಅದು ಅಂಜಿಕೆಯ ಹಾಗೆ ಕಂಡಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ದುಂಡೇಶ ಕೇಳಿದ, “ದಾದಾ, ನೀ ಸಣ್ಣಂವ ಇದ್ದಾಗೂ ಎಂದೂ ಹಾರಿಲ್ಲೇನು?”

ಲಕ್ಷ್ಮಣ ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡುತ್ತ ಕುಳಿತ. ಯಾರು ಕೇಳಿದರೂ ಅವನದೊಂದು ಸಿದ್ಧ ಉತ್ತರವಿತ್ತು: ಹಾರೂದು ತಲಿ ಇಲ್ಲದವರ ಕೆಲಸ. ಅವತ್ತು ಅದು ಬಾಯಿಗೆ ಬರಲಿಲ್ಲ.

“ನನಗ ಹಾರಾಕ ಬರ್ತಿರ್ಲಿಲ್ಲೋ,” ಎಂದ. “ಬಂದಿದ್ರ ನಾನೂ ಹಾರ್ತಿದ್ನಿ. ನನ್ನ ಕಾಲೂ ಮುರೀತಿತ್ತು.”



ಡಿಸೆಂಬರಿನಲ್ಲಿ ಉಗಾರ ಬುದ್ರುಕದಲ್ಲಿ ದೊಡ್ಡ ಪಂದ್ಯಾವಳಿ. ಫೈನಲಿನಲ್ಲಿ ಎದುರಿಗೆ ಸಾಂಗಲಿ ಕಡೆಯ ತಂಡ, ಎತ್ತಿನಂಥ ಆಳುಗಳು. ಮಧ್ಯಾಹ್ನದ ಬಿಸಿಲಿನಲ್ಲಿ ಮ್ಯಾಟು ಕಾದಿತ್ತು. ಕೊನೆಯ ನಿಮಿಷದಲ್ಲಿ ಲಕ್ಷ್ಮಣ ಸಿಕ್ಕಿಬಿದ್ದು ಔಟಾಗಿ ಹೊರಗೆ ಬಂದು ಕುಳಿತ. ಒಂದು ಪಾಯಿಂಟ್ ಹಿಂದಿದ್ದರು. ಉಳಿದದ್ದು ಒಂದೇ ರೇಡು. ದುಂಡೇಶ ಹೊರಟ.

ಆ ಕಡೆ ನಾಲ್ವರು ಇದ್ದರು. ದುಂಡೇಶ ಎಡಗಡೆ ಕಾರ್ನರಿನವನ ಕೈಯನ್ನು ಬೆರಳಿನಿಂದ ಸವರಿದ. ಪಂದ್ಯ ಸಮವಾಗಲು ಅಷ್ಟು ಸಾಕಿತ್ತು. ಎಡಗಡೆ ದಾರಿ ತೆರೆದೇ ಇತ್ತು, ಮೂರು ಹೆಜ್ಜೆ ಇಟ್ಟರೆ ನಡುಗೆರೆ. ಬಲಗಡೆಯಿಂದ ಕವರಿನವನು ತಲೆ ಬಗ್ಗಿಸಿ ನುಗ್ಗುತ್ತಿದ್ದ. ತಿರುಗು, ಬಂದುಬಿಡು ಎಂದು ಹತ್ತು ತಿಂಗಳು ಕಲಿಸಿದ್ದು ಇಂಥ ಗಳಿಗೆಗಾಗಿಯೇ.

ಲಕ್ಷ್ಮಣ ಬೆಂಚಿನಿಂದ ಯಾವಾಗ ಎದ್ದನೋ ಅವನಿಗೇ ಗೊತ್ತಿಲ್ಲ.

“ಹಾರಲೇ!” ಎಂದು ಗಂಟಲು ಹರಿಯುವಂತೆ ಕೂಗಿದ.

ದುಂಡೇಶ ಹಾರಿದ. ಬಗ್ಗಿದವನ ಬೆನ್ನಿಗೆ ಅಂಗೈ ಊರಿ, ಎರಡೂ ಕಾಲು ಮಡಚಿ, ಬಿಸಿಲಿಗೆ ಒಮ್ಮೆ ಕಪ್ಪಗೆ ಕಂಡು, ನಡುಗೆರೆಯ ಈಚೆ ಬಿದ್ದ. ಎರಡು ಪಾಯಿಂಟ್, ಒಂದರಿಂದ ಗೆದ್ದರು. ಜನ ಹಗ್ಗ ಕಿತ್ತುಕೊಂಡು ಒಳಗೆ ನುಗ್ಗಿದರು. ಲಕ್ಷ್ಮಣ ಅವರನ್ನು ಮೊಣಕೈಯಿಂದ ತಳ್ಳುತ್ತ ಒಳಗೆ ಹೋದ. ದುಂಡೇಶ ಎದ್ದಿರಲಿಲ್ಲ. ಮೊಣಕಾಲು ಹಿಡಿದುಕೊಂಡು ಅಂಗಾತ ಮಲಗಿ ನಗುತ್ತಿದ್ದ.

“ನೋವ್ ಐತೇನೋ?”

“ಐತಿ.”

“ನಾನಽ ಹಾರು ಅಂದೆ ದುಂಡ್ಯಾ. ನನ್ನ ಬಾಯಿಗೆ ಬೆಂಕಿ ಬೀಳ್ಲಿ.”

“ನಿನ್ನ ದನಿ ಕೇಳೂದ್ರಾಗ ನಾ ಮ್ಯಾಲಿದ್ದೆ ದಾದಾ,” ಎಂದ ದುಂಡೇಶ. “ನೀ ಬ್ಯಾಡ ಅಂದಿದ್ರೂ ನಿಲ್ಲಾಕ ಆಗತಿರ್ಲಿಲ್ಲ.”

ನರ ಹರಿದಿರಲಿಲ್ಲ. ಬಾವು ಬಂದಿತ್ತು, ಇಪ್ಪತ್ತು ದಿನ ಕಾಲು ಊರಬಾರದು ಎಂದರು ಡಾಕ್ಟರು. ಲಕ್ಷ್ಮಣ ಮರುದಿನವೇ ಚಿಂಚಲಿಗೆ ಹೋದ. ದುಂಡೇಶ ಹೇಳಿದ್ದು ನಿಜವೇ ಇರಬಹುದು. ಆದರೂ ತಾನು ಕೂಗಿದ್ದು ನಿಜ. ತಾರವ್ವ ಅಂಗಳದಲ್ಲಿ ಕುರಿಮರಿಗೆ ಹಾಲು ಕುಡಿಸುತ್ತಿದ್ದಳು. ಅವನು ನಿಂತುಕೊಂಡೇ ಎಲ್ಲ ಹೇಳಿದ.

“ತಿರುಗಿ ಬರಾಕ ದಾರಿ ಇತ್ತು ಅವ್ವಾರ. ನನಗ ಕಂಡಿತ್ತು. ಕಂಡೂ ಕೂಗಿದ್ನಿ.”

ತಾರವ್ವ ಮರಿಯ ಬಾಯಿ ಒರೆಸಿದಳು. “ಯಾಕ ಕೂಗಿದ್ಯೋ ಯಪ್ಪಾ?”

“ನೋಡಬೇಕನಿಸ್ತರಿ.”

ಅವಳು ಬೈಯಲಿಲ್ಲ. ಕುಳಿತುಕೋ ಎಂದೂ ಹೇಳಲಿಲ್ಲ. ಮರಿಯನ್ನು ಕೆಳಗೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಒಂದು ಕಪ್ ಚಹಾ ತಂದು ಕಟ್ಟೆಯ ಮೇಲಿಟ್ಟಳು. “ಕುಡದು ಒಳಗ ಹೋಗು. ಮುಂಜಾನಿಂದ ನಿನ್ನ ಹಾದಿ ನೋಡಾಕತ್ತಾನ.”

ಆ ಪಂದ್ಯಾವಳಿಯೊಂದಿಗೇ ಲಕ್ಷ್ಮಣ ಆಡುವುದನ್ನು ಬಿಟ್ಟ. ಇಲಾಖೆಯವರು ಅವನನ್ನೇ ತಂಡದ ಕೋಚ್ ಮಾಡಿದರು. ದುಂಡೇಶ ಆಡುತ್ತಲೇ ಇದ್ದ. ಹೆಚ್ಚು ಪಾಲು ಹೋಗುವುದು, ಮುಟ್ಟುವುದು, ಬರುವುದು. ಎಲ್ಲೋ ನಾಲ್ಕಾರು ಪಂದ್ಯಕ್ಕೊಮ್ಮೆ, ಯಾರೂ ಎಣಿಸದಾಗ, ಮೇಲೆದ್ದುಬಿಡುತ್ತಿದ್ದ. ಎದುರಿನವರಿಗೆ ಸೊಂಟ ನೋಡುವ ಅಭ್ಯಾಸ ತಪ್ಪಿಹೋಗಿದ್ದರಿಂದ ಅವನು ಬಹುಮಟ್ಟಿಗೆ ನೆಟ್ಟಗೆ ಇಳಿಯುತ್ತಿದ್ದ. ಲಕ್ಷ್ಮಣ ಹಾರು ಎಂದೂ ಹೇಳಲಿಲ್ಲ, ಹಾರಬೇಡ ಎಂದೂ ಹೇಳಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ಲೀಗಿನ ತಂಡವೊಂದರಿಂದ ಫೋನ್ ಬಂತು. ದುಂಡೇಶ ಮೈದಾನದ ಬೇವಿನ ಗಿಡದ ಕೆಳಗೆ ನಿಂತು ಮರಾಠಿಯಲ್ಲಿ ಮಾತಾಡಿ ಬಂದ.

“ಏನಂತ?” ಎಂದ ಲಕ್ಷ್ಮಣ.

“ದಿನಾ ಹಾರಾಂವ ಬೇಕಂತ. ಎಷ್ಟ ಮ್ಯಾಚ್ ಆಡಸ್ತೀರಿ ಅಂತ ಕೇಳಿದ್ನಿ. ಕಾಲು ಗಟ್ಟಿ ಇರೂಮಟ ಅಂದ್ರು. ಖರೆ ಮಂದಿ ಅದಾರ, ಸುಳ್ಳ ಹೇಳ್ಲಿಲ್ಲ.”

“ನೀ ಏನಂದಿ?”

“ನೌಕರಿ ಐತ್ರಿ, ರಜಾ ಸಿಗಂಗಿಲ್ಲ ಅಂದ್ನಿ,” ಎಂದು ದುಂಡೇಶ ಬೂಟಿನ ದಾರ ಬಿಗಿದುಕೊಂಡ. ಉಳಿದವರು ಆಗಲೇ ಮೈದಾನ ಸುತ್ತಲು ಶುರು ಮಾಡಿದ್ದರು. ಅವನೂ ಎದ್ದು ಅವರ ಹಿಂದೆ ಓಡಿದ.