ಎಂಜಿನ್ ಕೆಡುವ ಜಾಗ

ನಮ್ಮ ಹಾರವಾಡದಲ್ಲಿ ಮೀನು ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ತೆಂಕಣ ಕಡೆ ಬಲೆ ಬಿಟ್ಟು ಬಂದವನು ಬಡಗಣ ಕಡೆ ಕೈ ತೋರಿಸುತ್ತಾನೆ. ಮಂಗೇಶನಂತೂ ಈ ವಿಷಯದಲ್ಲಿ ಹೆಂಡತಿ ಕಲಾವತಿಯನ್ನೂ ನಂಬಿದವನಲ್ಲ. ನೀರಿನ ಅಡಿಯಲ್ಲೊಂದು ಬಂಡೆಯಿದೆ, ಅಲ್ಲಿ ಒಳ್ಳೆ ಬೆಲೆಯ ಇಸ್ವಾಣ ಮೀನು ಸಿಗುತ್ತದೆ ಎಂದು ಅಪ್ಪ ಸಾಯುವ ಮುಂಚೆ ಅವನ ಕಿವಿಯಲ್ಲಿ ಹೇಳಿ ಹೋಗಿದ್ದ. ಅಲ್ಲಿ ಬೇರೆ ದೋಣಿ ಎದುರಾದರೆ ಮಂಗೇಶ ಬಲೆ ಮುಚ್ಚಿಟ್ಟು, ಎಂಜಿನ್ ಕೆಟ್ಟವನಂತೆ ಸ್ಪ್ಯಾನರ್ ಹಿಡಿದು ಕೂರುತ್ತಿದ್ದ. ಪಕ್ಕದ ಮನೆಯ ಸಂದೇಶನ ಎಂಜಿನ್ ಮಾತ್ರ ಪದೇ ಪದೇ ಅಲ್ಲೇ ನಿಜವಾಗಿ ಕೆಡುತ್ತದೆ ಎಂದು ಮಂಗೇಶನ ನಂಬಿಕೆ. ಪಾಪ ಎಂದು ಒಮ್ಮೆ ತನ್ನ ಎಂಜಿನ್ನಿನ ಹೊಸ ಪ್ಲಗ್ಗನ್ನೂ ಅವನಿಗೆ ಕೊಟ್ಟಿದ್ದ.

ಹೋದ ವರ್ಷ ಕಂಪನಿಯೊಂದರ ಜಯಶ್ರೀ ಮೇಡಂ ಕಾರವಾರದಿಂದ ನಕಾಶೆ ಹಿಡಿದು ಬಂದರು. ಸಮುದ್ರದಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಕಂಬ ನೆಡುತ್ತಾರಂತೆ. ನೀವು ಮೀನು ಹಿಡಿಯುವ ಜಾಗಕ್ಕೆ ಗುರುತು ಹಾಕಿ, ಅಲ್ಲಿ ನೆಡುವುದಿಲ್ಲ ಎಂದರು. ಇಷ್ಟು ಒಳ್ಳೆಯ ಮಾತಿಗೆ ನಮ್ಮವರು ಮಾಡಿದ್ದೇನು? ಪಕ್ಕದವನು ಇಣುಕುತ್ತಿದ್ದಾನೆಂದು ಒಬ್ಬೊಬ್ಬರೂ ಮೀನಿನ ಮುಳ್ಳೂ ಸಿಗದ ಕಡೆ ಗುರುತು ಹಾಕಿ ಬಂದರು. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮಳೆಗಾಲ ಮುಗಿದ ಮೇಲೆ ಶಾಲೆಯಲ್ಲಿ ಸಭೆ ನಡೆಯಿತು. ಮೇಡಂ ನಕಾಶೆ ತೂಗುಹಾಕಿ, ಇಲ್ಲಿ ಯಾರೂ ಮೀನು ಹಿಡಿಯುವುದಿಲ್ಲವಲ್ಲ, ಕಂಬಗಳು ಇಲ್ಲೇ ಬರುತ್ತವೆ ಎಂದು ಕೋಲಿನಿಂದ ತೋರಿಸಿದರು. ಕೋಲಿನ ತುದಿ ಸರಿಯಾಗಿ ಮಂಗೇಶನ ಬಂಡೆಯ ಮೇಲಿತ್ತು.

ಸುಮ್ಮನಿದ್ದರೆ ಬಂಡೆ ಕಂಬದ ಪಾಲು, ಬಾಯಿ ಬಿಟ್ಟರೆ ಊರಿನ ಪಾಲು. ಮಂಗೇಶ ಬೆವರು ಒರೆಸಿಕೊಂಡು ಎದ್ದು ನಿಂತ.

"ಮೇಡಂ, ಅಲ್ಲಿ ಬೇಡ. ಅದು ನಮ್ಮಪ್ಪ ಹೇಳಿಕೊಟ್ಟ ಜಾಗ. ನನ್ನ ಸಂಸಾರ ನಡೆಯೂದೇ ಅಲ್ಲಿಂದ."

ಕೂಡಲೇ ಸಂದೇಶ ಎದ್ದು, ಅದು ತನ್ನ ಅಪ್ಪ ಹೇಳಿಕೊಟ್ಟ ಜಾಗ ಎಂದ. ಹಿಂದಿನ ಬೆಂಚಿನಿಂದ ಇನ್ನೊಬ್ಬ ಎದ್ದ, ಕಿಟಕಿಯ ಬಳಿ ಮತ್ತೊಬ್ಬ. ನೋಡನೋಡುತ್ತಿದ್ದಂತೆ ಅರ್ಧ ಊರೇ ಆ ಒಂದು ಬಂಡೆಗಾಗಿ ಎದ್ದು ನಿಂತಿತ್ತು.

ಮೇಡಂ ತಲೆ ಹಿಡಿದುಕೊಂಡು, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಉತ್ತರ ಕೊಟ್ಟವಳು ಹೆಂಗಸರ ಸಾಲಿನಲ್ಲಿ ಕೂತಿದ್ದ ಕಲಾವತಿ.

"ಕಟ್ಕೊಂಡವಳಿಗೇ ಹೇಳಲಿಲ್ಲ ಮೇಡಂ, ನಿಮಗೆ ಹೇಳ್ತಾರಾ?"

ಮೇಡಂ ನಗುತ್ತಲೇ ಬಂಡೆಯ ಸುತ್ತ ಗೆರೆ ಎಳೆದು, ಕಂಬಗಳನ್ನು ಆಚೆ ಸರಿಸುವುದಾಗಿ ಒಪ್ಪಿಕೊಂಡರು. ಬಂಡೆ ಉಳಿಯಿತು. ಆದರೂ ಮಂಗೇಶನ ಮುಖದಲ್ಲಿ ಕಳೆ ಇರಲಿಲ್ಲ. ಹೊರಗೆ ಬಂದವನೇ ಸಂದೇಶನ ಹೆಗಲು ಹಿಡಿದು ನಿಲ್ಲಿಸಿದ.

"ನಿನ್ನ ಎಂಜಿನ್ ಯಾವತ್ತೂ ಕೆಟ್ಟಿರಲಿಲ್ಲ, ಅಲ್ವಾ ಮಾರಾಯಾ?"

"ನಿಂದು?" ಎಂದ ಸಂದೇಶ.

ಮಂಗೇಶ ಹೆಗಲು ಬಿಟ್ಟು ಕೈ ಚಾಚಿದ. ಹಾಗಾದರೆ ನನ್ನ ಪ್ಲಗ್ ವಾಪಸ್ ಕೊಡು ಎಂದ.